ಮನೆ ಸಾಲ ಅವಧಿಗೆ ಮೊದಲೇ ತೀರಿಸುವುದು: ನೌಕರಿ, ಸಂಸಾರ ಬದಲಾಗುವಾಗ ಯಾವ ಹೆಜ್ಜೆ ಮೊದಲು?

ಮನೆ ಸಾಲ ಬೇಗ ತೀರಿಸಲು ಹೊರಟವರು ಎಡವುವುದು ಹೆಚ್ಚಾಗಿ ಎರಡು ಕಡೆ. ಕೈಗೆ ಬಂದ ದೊಡ್ಡ ಮೊತ್ತವನ್ನು ಅಷ್ಟಕ್ಕಷ್ಟೂ ಬ್ಯಾಂಕಿಗೆ ಕಟ್ಟಿಬಿಡುತ್ತಾರೆ. ನಾಲ್ಕು ತಿಂಗಳಲ್ಲಿ ಆಸ್ಪತ್ರೆ ಖರ್ಚು ಬಂದರೆ ಬಂಗಾರ ಅಡವಿಟ್ಟು ಇನ್ನೂ ಹೆಚ್ಚಿನ ಬಡ್ಡಿ ತೆರುತ್ತಾರೆ. ಇಲ್ಲವೇ ಹಣ ಕಟ್ಟುತ್ತಾರೆ, ಆದರೆ ಅದು ಅಸಲಿಗೆ ಜಮಾ ಆಯಿತೇ, ಅವಧಿ ಇಳಿಯಿತೇ ಎಂದು ತಿರುಗಿ ನೋಡುವುದಿಲ್ಲ. ಎರಡೂ ಕಡೆ ತಪ್ಪುವುದು ಹೆಜ್ಜೆಗಳ ಕ್ರಮ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಾಲ್ಕನೆಯದು ಮುಗಿಯುವವರೆಗೆ ಬ್ಯಾಂಕಿಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕಟ್ಟಬೇಡಿ.

ಲೆಕ್ಕಕ್ಕೆ ಎಲ್ಲ ಕಡೆ ಒಂದೇ ಉದಾಹರಣೆ ಇದೆ: ₹30 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ. ತಿಂಗಳ ಕಂತು ₹26,035. ಮೊದಲ ತಿಂಗಳ ಕಂತಿನಲ್ಲಿ ₹21,250 ಬಡ್ಡಿಗೆ ಹೋಗುತ್ತದೆ, ಅಸಲಿಗೆ ಹೋಗುವುದು ₹4,785 ಮಾತ್ರ. ಮೂರು ವರ್ಷದಲ್ಲಿ ಒಟ್ಟು ₹9.37 ಲಕ್ಷ ಕಟ್ಟಿದರೂ ಅಸಲು ಇಳಿದಿರುವುದು ಸುಮಾರು ₹1.95 ಲಕ್ಷ, ಬಾಕಿ ಇನ್ನೂ ₹28.05 ಲಕ್ಷ. ಮೊದಲ ವರ್ಷಗಳಲ್ಲಿ ಹೆಚ್ಚಿಗೆ ಕಟ್ಟಿದ ಹಣಕ್ಕೆ ಇಷ್ಟು ಬೆಲೆ ಬರುವುದು ಇದೇ ಕಾರಣಕ್ಕೆ.

## ಹಂತ 1: ಸಾಲದ ಈಗಿನ ಸ್ಥಿತಿ ಕಾಗದದ ಮೇಲೆ ತರಿಸಿ

ಬ್ಯಾಂಕಿನಿಂದ ನಾಲ್ಕು ಕಾಗದ ಬೇಕು: ಸಾಲದ ಒಪ್ಪಂದದ ಪ್ರತಿ, ಆರಂಭದಿಂದ ಇಲ್ಲಿಯವರೆಗಿನ ಸ್ಟೇಟ್‌ಮೆಂಟ್, ಮುಂದಿನ ಕಂತುಗಳ ಮರುಪಾವತಿ ಪಟ್ಟಿ, ಬ್ಯಾಂಕಿನ ಬಳಿ ಇರುವ ನಿಮ್ಮ ಮೂಲ ದಾಖಲೆಗಳ ಪಟ್ಟಿ. ಕೊನೆಯದನ್ನು ಬಹಳ ಜನ ಸಾಲ ತೀರಿದ ಮೇಲೆ ಕೇಳುತ್ತಾರೆ. ಈಗಲೇ ಕೇಳಿದರೆ ಯಾವ ಕಾಗದ ಎಲ್ಲಿದೆ ಎಂಬುದು ಮೊದಲೇ ಗೊತ್ತಾಗುತ್ತದೆ.

ಒಪ್ಪಂದದಲ್ಲಿ ಮೂರು ಸಂಗತಿ ಹುಡುಕಿ. ಬಡ್ಡಿ ಫ್ಲೋಟಿಂಗೋ (ಏರಿಳಿಯುವ ದರ), ಫಿಕ್ಸೆಡ್ಡೋ (ಬದಲಾಗದ ದರ)? ಫ್ಲೋಟಿಂಗ್ ಆದರೆ ಅದು ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಜೋಡಿಸಿದ್ದೋ, ಬ್ಯಾಂಕಿನದೇ ಹಳೆಯ ಮೂಲದರಗಳಾದ ಎಂಸಿಎಲ್‌ಆರ್ ಅಥವಾ ಬೇಸ್ ರೇಟ್‌ಗೋ? ಭಾಗಶಃ ಪಾವತಿಗೆ ಕನಿಷ್ಠ ಮೊತ್ತದ ಷರತ್ತು ಇದೆಯೋ? ವ್ಯಕ್ತಿಯ ಹೆಸರಿನಲ್ಲಿರುವ ಫ್ಲೋಟಿಂಗ್ ದರದ ಗೃಹಸಾಲಕ್ಕೆ ಮುಂಚಿತ ಪಾವತಿ ದಂಡ ಹಾಕುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹಣ ಎಲ್ಲಿಂದ ತಂದಿರಿ ಎಂಬುದರ ಮೇಲೆ ಇದು ಬದಲಾಗುವುದಿಲ್ಲ. ಫಿಕ್ಸೆಡ್ ದರದ ಸಾಲಕ್ಕೆ ಶುಲ್ಕ ಇರಬಹುದು. ಅಂಗಡಿಗೋ ವರ್ಕ್‌ಶಾಪಿಗೋ ಮನೆ ಅಡವಿಟ್ಟು ತೆಗೆದ ಸಾಲಕ್ಕೂ ನಿಯಮ ಬೇರೆ, ಒಪ್ಪಂದ ಓದಿಯೇ ಮುಂದುವರಿಯಿರಿ.

ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿ ಮನೆಗೆಂದು ಸೌಹಾರ್ದ ಸಹಕಾರಿಯಲ್ಲೋ ಪತ್ತಿನ ಸಂಘದಲ್ಲೋ ಸಾಲ ಮಾಡಿದವರು ಬಹಳ. ಜನ ಬಾಯಲ್ಲಿ ಎಲ್ಲವನ್ನೂ ‘ಬ್ಯಾಂಕ್’ ಎನ್ನುತ್ತಾರೆ. ಆದರೆ ಈ ಸಂಘಗಳು ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿಲ್ಲ, ರಾಜ್ಯದ ಸಹಕಾರ ಕಾನೂನಿನಡಿ ಇವೆ. ದಂಡ ಬೇಡ ಎಂಬ ನಿಯಮವಾಗಲಿ, 30 ದಿನದಲ್ಲಿ ಮೂಲ ದಾಖಲೆ ಮರಳಿಸಬೇಕು ಎಂಬ ನಿಯಮವಾಗಲಿ (ಹಂತ 9) ಅವುಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ಸಾಲ ಇದ್ದರೆ ಸಂಘದ ಉಪವಿಧಿ ಮತ್ತು ನಿಮ್ಮ ಕರಾರುಪತ್ರದಲ್ಲಿ ಬರೆದದ್ದೇ ಅಂತಿಮ. ಅರ್ಬನ್ ಕೋ-ಆಪರೇಟಿವ್ ಬ್ಯಾಂಕುಗಳು ಮತ್ತು ಡಿಸಿಸಿ ಬ್ಯಾಂಕುಗಳು ಮಾತ್ರ ರಿಸರ್ವ್ ಬ್ಯಾಂಕಿನ ನಿಯಮಕ್ಕೆ ಒಳಪಡುತ್ತವೆ.

ಎಚ್ಚರಿಕೆಯ ಗುರುತು: ಉಳಿದ ಕಂತುಗಳ ಸಂಖ್ಯೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದರೆ, ದರ ಏರಿದಾಗ ಕಂತನ್ನು ಹಾಗೇ ಬಿಟ್ಟು ಅವಧಿ ಎಳೆದಿದ್ದಾರೆ ಎಂದರ್ಥ. 2022ರ ಮೇಯಿಂದ 2023ರ ಫೆಬ್ರವರಿವರೆಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿದಾಗ ಅನೇಕರ ಸಾಲ ನಿವೃತ್ತಿಯ ವಯಸ್ಸು ದಾಟಿ ಹೋಯಿತು. ಶೇ 7ರ ದರದಲ್ಲಿ ₹30 ಲಕ್ಷಕ್ಕೆ 20 ವರ್ಷದ ಕಂತು ₹23,259, ದರ 9.5 ಆದರೆ ಒಂದು ತಿಂಗಳ ಬಡ್ಡಿಯೇ ₹23,750. ಅಂದರೆ ಕಂತು ಕಟ್ಟಿದರೂ ಸಾಲ ಬೆಳೆಯುತ್ತದೆ. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಏರಿಸಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಎಂದು ಗ್ರಾಹಕರನ್ನು ಕೇಳಬೇಕು, ಕಟ್ಟಿದ ಅಸಲು-ಬಡ್ಡಿ, ಉಳಿದ ಕಂತು, ದರ ಇವುಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಆ ವಿವರ ನಿಮಗೆ ಬರುತ್ತಿಲ್ಲವಾದರೆ ಲಿಖಿತವಾಗಿ ಕೇಳಿ.

## ಹಂತ 2: ಉಳಿದ ಸಾಲಗಳನ್ನು ಬಡ್ಡಿಯ ಸಾಲಿನಲ್ಲಿ ನಿಲ್ಲಿಸಿ

ಮನೆ ಸಾಲ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಆದರೆ ಬಡ್ಡಿಯಲ್ಲಿ ಅದೇ ಅಗ್ಗ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ತಂದ ಕೈಸಾಲ ವರ್ಷಕ್ಕೆ ಶೇ 24, ಮೂರು ರೂಪಾಯಿಯಾದರೆ 36. ಕ್ರೆಡಿಟ್ ಕಾರ್ಡ್ ಬಾಕಿಯೂ ಅದೇ ಮಟ್ಟದ್ದು. ಆಮೇಲೆ ಪರ್ಸನಲ್ ಲೋನ್, ಸೊಸೈಟಿ ಸಾಲ, ಬಂಗಾರದ ಸಾಲ. ಇವೆಲ್ಲ ತೀರುವವರೆಗೆ ಮನೆ ಸಾಲಕ್ಕೆ ಕಂತಿನಷ್ಟೇ ಕಟ್ಟಿ.

ಇದಕ್ಕೆ ಒಂದು ಅಪವಾದವಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘದ ಬೆಳೆಸಾಲ ರಾಜ್ಯದಲ್ಲಿ ₹5 ಲಕ್ಷದವರೆಗೆ ಶೂನ್ಯ ಬಡ್ಡಿಯದು, ಆದ್ದರಿಂದ ಅವಸರದಿಂದ ತೀರಿಸುವ ಸಾಲವಲ್ಲ. ಆದರೆ ವಾಯಿದೆ ಮೀರಿದರೆ ಆ ಸೌಲಭ್ಯ ಹೋಗುತ್ತದೆ. ಮನೆ ಸಾಲಕ್ಕೆ ದೊಡ್ಡ ಮೊತ್ತ ಕಟ್ಟಿ, ಬೆಳೆಸಾಲದ ನವೀಕರಣಕ್ಕೆ ಹಣವಿಲ್ಲದೆ ಬಡ್ಡಿ ಹಚ್ಚಿಸಿಕೊಳ್ಳುವುದು ಹಳ್ಳಿಯಲ್ಲಿ ಹೊಲ, ಪಟ್ಟಣದಲ್ಲಿ ಮನೆ ಇರುವವರು ಮಾಡುವ ದುಬಾರಿ ತಪ್ಪು.

ಭಿಸಿ (ಚೀಟಿ) ಎತ್ತಿ ಮನೆ ಸಾಲ ಕಟ್ಟುವುದು ಬೇಡ. ₹5 ಲಕ್ಷದ ಭಿಸಿಯನ್ನು ₹4 ಲಕ್ಷಕ್ಕೆ ಮೊದಲೇ ಎತ್ತಿದರೆ ಕಳೆದುಕೊಂಡ ಆ ₹1 ಲಕ್ಷವೇ ಬಡ್ಡಿ, ಮತ್ತದು ಬ್ಯಾಂಕಿನ ದರಕ್ಕಿಂತ ಬಹುತೇಕ ಯಾವಾಗಲೂ ಹೆಚ್ಚು.

## ಹಂತ 3: ಮುಟ್ಟಬಾರದ ಹಣವನ್ನು ಬೇರೆ ಇಡಿ

ಇದು ಈ ಮಾರ್ಗದರ್ಶಿಯ ಎಲ್ಲಕ್ಕಿಂತ ಮುಖ್ಯ ಹಂತ, ಜನ ಹೆಚ್ಚು ದಾಟಿ ಹೋಗುವ ಹಂತವೂ ಇದೇ.

ಮಾಮೂಲಿ ಗೃಹಸಾಲಕ್ಕೆ ಹೆಚ್ಚಿಗೆ ಕಟ್ಟಿದ ಹಣ ಮರಳಿ ಬರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು: ಇಂದು ₹3 ಲಕ್ಷ ಹೆಚ್ಚಿಗೆ ಕಟ್ಟಿದರೂ ಮುಂದಿನ ತಿಂಗಳ ಕಂತು ಮಾಫಿ ಆಗುವುದಿಲ್ಲ. ಕೆಲಸ ಹೋದಾಗ ‘ಹಿಂದೆ ಅಷ್ಟು ಕಟ್ಟಿದ್ದೇನಲ್ಲ’ ಎಂದರೆ ಬ್ಯಾಂಕ್ ಕೇಳುವುದಿಲ್ಲ. ಕಂತು ತಪ್ಪಿದ ದಿನದಿಂದ ಅದು ಬಾಕಿಯೇ. ತೊಂಬತ್ತು ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಆಮೇಲೆ, ಅಡವಿಟ್ಟ ಮನೆಯನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್.

ಆದ್ದರಿಂದ ಮೊದಲು ಆರು ತಿಂಗಳ ಕಂತು ಮತ್ತು ಆರು ತಿಂಗಳ ಮನೆಖರ್ಚು ಕೂಡಿಸಿ ಬೇರೆ ಇಡಿ. ಕಂತು ₹26,000, ಮನೆಖರ್ಚು ₹30,000 ಆದರೆ ಇದು ₹3.36 ಲಕ್ಷ. ಇಬ್ಬರಿಗೂ ಸರ್ಕಾರಿ ನೌಕರಿ ಇದ್ದರೆ ನಾಲ್ಕು ತಿಂಗಳಿನದು ಸಾಕಾದೀತು. ಒಬ್ಬರದೇ ದುಡಿಮೆಯಾಗಿದ್ದು ಅದೂ ಖಾಸಗಿ ನೌಕರಿಯೋ, ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದಲ್ಲಿ ಆರ್ಡರ್ ಮೇಲೆ ನಡೆಯುವ ವರ್ಕ್‌ಶಾಪೋ ಆಗಿದ್ದರೆ ಹನ್ನೆರಡು ತಿಂಗಳಿನದು ಬೇಕು. ಇದನ್ನು ಉಳಿತಾಯ ಖಾತೆ ಮತ್ತು ಚಿಕ್ಕ ಚಿಕ್ಕ ಎಫ್‌ಡಿಗಳಲ್ಲಿ ಇಡಿ. ₹50,000ದ ಆರು ಎಫ್‌ಡಿ ಇದ್ದರೆ ಬೇಕಾದಷ್ಟನ್ನೇ ಮುರಿಯಬಹುದು.

ಇದರ ಜೊತೆಗೆ ಎರಡು ವಿಮೆ: ಮನೆಯವರೆಲ್ಲರಿಗೂ ಆರೋಗ್ಯ ವಿಮೆ, ದುಡಿಯುವವರ ಹೆಸರಿನಲ್ಲಿ ಕನಿಷ್ಠ ಸಾಲದ ಬಾಕಿಯಷ್ಟಾದರೂ ಟರ್ಮ್ ವಿಮೆ. ಇವಿಲ್ಲದೆ ಸಾಲ ಬೇಗ ತೀರಿಸಲು ಓಡಬೇಡಿ.

ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ (ಎಸ್‌ಬಿಐನ ಮ್ಯಾಕ್ಸ್‌ಗೇನ್ ಇದ್ದ ಹಾಗೆ) ಇರುವವರಿಗೆ ಮಾತ್ರ ಈ ಲೆಕ್ಕ ಸಡಿಲ. ಖಾತೆಯಲ್ಲಿ ಇಟ್ಟ ಹೆಚ್ಚಿನ ಹಣಕ್ಕೆ ಬಡ್ಡಿ ಉಳಿಯುತ್ತದೆ, ಬೇಕಾದಾಗ ತೆಗೆಯಲೂ ಬರುತ್ತದೆ. ಆದಾಯ ಏರುಪೇರಾಗುವ ಮನೆಗೆ ದರ ತುಸು ಹೆಚ್ಚಿದ್ದರೂ ಇದು ಒಳ್ಳೆಯದು.

## ಹಂತ 4: ಹಣ ಕಟ್ಟುವ ಮೊದಲು ಬಡ್ಡಿ ದರ ಇಳಿಸಿಕೊಳ್ಳಿ

ಅದೇ ಬ್ಯಾಂಕ್ ಹೊಸ ಗ್ರಾಹಕರಿಗೆ ಈಗ ಯಾವ ದರ ಕೊಡುತ್ತಿದೆ ಎಂದು ನೋಡಿ. ನಿಮ್ಮದಕ್ಕಿಂತ ಅರ್ಧ ಪರ್ಸೆಂಟಿನಷ್ಟು ಕಡಿಮೆ ಇದ್ದರೂ ಅರ್ಜಿ ಕೊಡಿ. ನಮ್ಮ ಉದಾಹರಣೆಯಲ್ಲಿ ₹28.05 ಲಕ್ಷ ಬಾಕಿ ಇರುವಾಗ ದರ 8.5ರಿಂದ 8ಕ್ಕೆ ಇಳಿದು, ಕಂತು ₹26,035 ಹಾಗೇ ಇದ್ದರೆ, 204 ಕಂತುಗಳ ಬದಲು ಸುಮಾರು 191ಕ್ಕೆ ಮುಗಿಯುತ್ತದೆ. ಜೇಬಿನಿಂದ ಹೆಚ್ಚಿಗೆ ಏನೂ ಹಾಕದೆ ₹3.4 ಲಕ್ಷದ ಮೇಲೆ ಉಳಿತಾಯ. ಇದಕ್ಕೆ ಒಂದು ಸಲದ ಪರಿವರ್ತನಾ ಶುಲ್ಕ ಇರುತ್ತದೆ; ಅದನ್ನು ಕಟ್ಟಲು ಹಿಂಜರಿಯಬೇಡಿ.

2019ರ ಅಕ್ಟೋಬರ್‌ಗಿಂತ ಹಳೆಯ ಸಾಲಗಳನ್ನು ವಿಶೇಷವಾಗಿ ಪರೀಕ್ಷಿಸಿ. ಆ ತಿಂಗಳಿನಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕಾಯಿತು. ಹಳೆಯ ಸಾಲಗಳು ತಾವಾಗಿ ಬದಲಾಗಲಿಲ್ಲ. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೊ 6.5ರಿಂದ 5.25ಕ್ಕೆ ಇಳಿಯಿತು. ನಿಮ್ಮ ದರ ಅಷ್ಟು ಇಳಿದಿಲ್ಲವಾದರೆ ಕಾರಣ ಬಹುಶಃ ಇದೇ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಡ್ಡಾಯವಿಲ್ಲ, ಅವುಗಳ ದರ ಅವುಗಳದೇ ಮೂಲದರದ ಮೇಲೆ ನಿಂತಿರುತ್ತದೆ.

ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವುದು ಕೊನೆಯ ದಾರಿ. ಪ್ರೊಸೆಸಿಂಗ್ ಫೀ, ವಕೀಲರ ಮತ್ತು ಮೌಲ್ಯಮಾಪನದ ಖರ್ಚು, ಹಕ್ಕುಪತ್ರ ಠೇವಣಿಯ (ಮನೆಯ ಮೂಲ ಕಾಗದ ಬ್ಯಾಂಕಿನಲ್ಲಿ ಅಡವಿಟ್ಟದ್ದರ) ಹೊಸ ನೋಂದಣಿ ಎಲ್ಲ ಮತ್ತೆ ಬರುತ್ತವೆ. ಉಳಿದಿರುವುದು ಐದು ವರ್ಷಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಲಾಭವಿಲ್ಲ. ಕೆಲಸ ಬದಲಿಸುವ ಯೋಚನೆ ಇದ್ದರೆ ವರ್ಗಾವಣೆಯನ್ನು ಮೊದಲು ಮುಗಿಸಿ. ಹೊಸ ನೌಕರಿ ಸೇರಿದ ಕೂಡಲೇ ಹೊಸ ಬ್ಯಾಂಕ್ ಸಾಲ ಕೊಡಲು ಹಿಂದೇಟು ಹಾಕುತ್ತದೆ.

ತೆರಿಗೆಯ ಮಾತು. ಹಳೇ ತೆರಿಗೆ ಪದ್ಧತಿಯಲ್ಲಿ, ಸ್ವಂತ ವಾಸದ ಮನೆಗೆ, ವರ್ಷಕ್ಕೆ ₹2 ಲಕ್ಷದವರೆಗಿನ ಬಡ್ಡಿಗೆ ವಿನಾಯಿತಿ ಇದೆ. ಶೇ 30ರ ಹಂತದಲ್ಲಿರುವವರಿಗೆ ಆ ಭಾಗದ ಬಡ್ಡಿಯ ನಿಜವಾದ ಹೊರೆ 8.5 ಅಲ್ಲ, ಸೆಸ್ ಸೇರಿಸಿ ಲೆಕ್ಕ ಹಾಕಿದರೆ ಸುಮಾರು 5.85. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಈ ವಿನಾಯಿತಿ ಇಲ್ಲ. ಹಾಗಾಗಿ ಹೊಸ ಪದ್ಧತಿಗೆ ಹೋದವರಿಗೆ ಸಾಲ ಬೇಗ ತೀರಿಸುವುದರಲ್ಲಿ ಲಾಭ ಇನ್ನೂ ಹೆಚ್ಚು. ‘ತೆರಿಗೆ ಉಳಿಯುತ್ತದೆ’ ಎಂದು ಸಾಲ ಇಟ್ಟುಕೊಂಡವರು ತಾವು ಯಾವ ಪದ್ಧತಿಯಲ್ಲಿದ್ದೇವೆ ಎಂದು ಒಮ್ಮೆ ನೋಡಿಕೊಳ್ಳಿ.

## ಹಂತ 5: ಅವಧಿ ಇಳಿಸಬೇಕೋ, ಕಂತು ಇಳಿಸಬೇಕೋ?

ಮೂರು ವರ್ಷದ ಕೊನೆಗೆ ₹3 ಲಕ್ಷ ಹೆಚ್ಚಿಗೆ ಕಟ್ಟಿದಿರಿ ಎನ್ನಿ. ಬಾಕಿ ₹25.05 ಲಕ್ಷಕ್ಕೆ ಇಳಿಯಿತು. ಈಗ ಎರಡು ದಾರಿ.

ಕಂತು ₹26,035 ಹಾಗೇ ಇಟ್ಟು ಅವಧಿ ಇಳಿಸಿದರೆ, 204 ಕಂತು 162ಕ್ಕೆ ಬರುತ್ತದೆ. ಮೂರೂವರೆ ವರ್ಷ ಮೊದಲೇ ಮುಕ್ತಿ, ಉಳಿಯುವ ಬಡ್ಡಿ ಸುಮಾರು ₹7.9 ಲಕ್ಷ. ಅವಧಿ ಹಾಗೇ ಇಟ್ಟು ಕಂತು ಇಳಿಸಿದರೆ, ಕಂತು ₹23,250 ಆಗುತ್ತದೆ. ಉಳಿಯುವ ಬಡ್ಡಿ ಸುಮಾರು ₹2.7 ಲಕ್ಷ ಮಾತ್ರ. ಕಟ್ಟಿದ ಹಣ ಒಂದೇ, ಫಲದಲ್ಲಿ ಐದು ಲಕ್ಷದ ಅಂತರ.

ಹಾಗಾದರೆ ಎಲ್ಲರೂ ಅವಧಿಯನ್ನೇ ಇಳಿಸಬೇಕೇ? ಆದಾಯ ಗಟ್ಟಿ ಇದ್ದವರು ಹೌದು. ಮುಂದಿನ ಎರಡು-ಮೂರು ವರ್ಷದಲ್ಲಿ ಹೆರಿಗೆ, ನೌಕರಿ ಬಿಡುವುದು, ಸ್ವಂತ ಉದ್ಯೋಗ, ತಂದೆ-ತಾಯಿಯ ಆರೈಕೆ ಇಂಥದ್ದು ಕಾಣುತ್ತಿದ್ದರೆ ಮೂರನೆಯ ದಾರಿ ಹಿಡಿಯಿರಿ: ಕಾಗದದ ಮೇಲೆ ಕಂತು ಇಳಿಸಿಕೊಳ್ಳಿ, ಆದರೆ ಇಳಿದ ₹2,785 ಅನ್ನು ಪ್ರತಿ ತಿಂಗಳು ನೀವಾಗಿಯೇ ಅಸಲಿಗೆ ಕಟ್ಟುತ್ತಾ ಹೋಗಿ. ತಪ್ಪದೆ ಕಟ್ಟಿದರೆ ಸಾಲ ಮುಗಿಯುವುದು ಹೆಚ್ಚುಕಡಿಮೆ ಅದೇ 162 ತಿಂಗಳಿಗೆ. ಕಷ್ಟ ಬಂದ ತಿಂಗಳು ₹23,250 ಕಟ್ಟಿದರೂ ಖಾತೆ ಚೊಕ್ಕ. ಸಂಸಾರ ಬದಲಾಗುವ ಕಾಲಕ್ಕೆ ಇದಕ್ಕಿಂತ ಸುರಕ್ಷಿತ ದಾರಿ ಇಲ್ಲ. ಇದಕ್ಕೆ ಬೇಕಾಗುವುದು ಶಿಸ್ತು: ಸಂಬಳ ಬಿದ್ದ ಮರುದಿನಕ್ಕೆ ಸಾಲದ ಖಾತೆಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಬಿಡಿ. ಮೊದಲು ಸಣ್ಣ ಮೊತ್ತವನ್ನೂ ಅಸಲಿಗೆ ಹಿಡಿಯುತ್ತಾರೆಯೇ ಎಂದು ಶಾಖೆಯಲ್ಲಿ ಖಚಿತ ಮಾಡಿಕೊಳ್ಳಿ. ಹಿಡಿಯದಿದ್ದರೆ ಆರ್‌ಡಿಯಲ್ಲಿ ಕೂಡಿಸಿ ಕನಿಷ್ಠ ಮೊತ್ತ ಆದಾಗ ಕಟ್ಟಿ.

ದೊಡ್ಡ ಮೊತ್ತ ಎಂದೂ ಕೈಗೆ ಬರದವರಿಗೂ ದಾರಿ ಇದೆ. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿದರೆ 20 ವರ್ಷದ ಸಾಲ ಸುಮಾರು 16 ವರ್ಷ 8 ತಿಂಗಳಿಗೆ ಮುಗಿಯುತ್ತದೆ. ಸಂಬಳ ಏರಿದ ಹಾಗೆ ಕಂತನ್ನೂ ವರ್ಷಕ್ಕೆ ಶೇ 5ರಂತೆ ಏರಿಸಿದರೆ ಸುಮಾರು 12 ವರ್ಷ 3 ತಿಂಗಳು ಸಾಕು. ಆದರೆ ಹನ್ನೆರಡನೇ ವರ್ಷಕ್ಕೆ ಕಂತು ₹44,500 ದಾಟಿರುತ್ತದೆ ಎಂಬುದನ್ನು ನೆನಪಿಡಿ. ಈ ಏರಿಕೆಯನ್ನು ಒಪ್ಪಂದದಲ್ಲಿ ಬರೆಸಬೇಡಿ, ನಿಮ್ಮ ಇಚ್ಛೆಯ ಪಾವತಿಯಾಗಿಯೇ ಇರಲಿ.

ನಿಮ್ಮ ಸಾಲದ ಲೆಕ್ಕಕ್ಕೆ ಎಕ್ಸೆಲ್‌ನ ಎನ್‌ಪಿಇಆರ್ ಸೂತ್ರ ಸಾಕು: ತಿಂಗಳ ದರ, ಕಂತು, ಬಾಕಿ ಕೊಟ್ಟರೆ ಉಳಿದ ತಿಂಗಳು ಬರುತ್ತದೆ. ಕಂತಿನ ಮೊತ್ತದ ಎಡಕ್ಕೆ ಮೈನಸ್ ಚಿಹ್ನೆ ಹಾಕಲು ಮರೆತರೆ ತಪ್ಪು ಉತ್ತರ ಬರುತ್ತದೆ.

## ಹಂತ 6: ಯಾವ ಹಣ, ಯಾವಾಗ?

ಬೋನಸ್, ಡಿಎ ಬಾಕಿ, ವೇತನ ಪರಿಷ್ಕರಣೆಯ ಬಾಕಿ ಇವು ಸುಲಭದವು. ಬಂದ ವಾರದಲ್ಲೇ ಅರ್ಧಕ್ಕಿಂತ ಹೆಚ್ಚು ಅಸಲಿಗೆ ಕಟ್ಟಿ. ಬೆಳೆಯ ಹಣದ ಲೆಕ್ಕ ಅಷ್ಟು ಸರಳವಲ್ಲ.

ಕಬ್ಬಿನ ಬಿಲ್ 14 ದಿನದಲ್ಲಿ ಬರಬೇಕು ಎಂದು ಕಾನೂನಿದೆ, ಅದನ್ನು ನಂಬಿ ಬ್ಯಾಂಕಿಗೆ ತಾರೀಖು ಕೊಡಬೇಡಿ. ಹಣ ಖಾತೆಗೆ ಬಿದ್ದ ಮೇಲೆ ಮೊದಲು ಬೆಳೆಸಾಲದ ವಾಯಿದೆ, ಆಮೇಲೆ ಮುಂದಿನ ಕೂಳೆಯ ಅಥವಾ ನಾಟಿಯ ಖರ್ಚು, ಗೊಬ್ಬರ, ಆಳಿನ ಹಣ ತೆಗೆದಿಡಿ. ಉಳಿದದ್ದು ಮನೆ ಸಾಲಕ್ಕೆ. ವಿಜಯಪುರ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿ ಮಾರಿದ ಹಣದಲ್ಲಿ ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆ) ಔಷಧಿ ಖರ್ಚನ್ನು ಪೂರ್ತಿ ಬೇರೆ ಇಡದೆ ಬ್ಯಾಂಕಿನ ಮೆಟ್ಟಿಲು ಹತ್ತಬಾರದು. ಶೇ 8.5ರ ಸಾಲ ಇಳಿಸಿ, ಔಷಧಿ ಅಂಗಡಿಯಲ್ಲಿ ಉದ್ರಿ ತಂದರೆ ಗಳಿಕೆ ಏನೂ ಇಲ್ಲ.

ಬಾಗಲಕೋಟೆ ಭಾಗದ ಮುಳುಗಡೆ ಪರಿಹಾರದ ಹಣ ಇನ್ನೂ ಸೂಕ್ಷ್ಮ. ಪರಿಹಾರ ಬಂದದ್ದು ಅಣ್ಣತಮ್ಮಂದಿರ ಪಾಲಿರುವ ಜಮೀನಿಗೋ, ನಿಮ್ಮೊಬ್ಬರದಕ್ಕೋ? ವಾಟ್ನಿ (ಆಸ್ತಿ ಪಾಲು) ಆಗುವ ಮೊದಲೇ ಒಬ್ಬರ ಹೆಸರಿನ ಮನೆ ಸಾಲಕ್ಕೆ ಆ ಹಣ ಹಾಕಿದರೆ ಮುಂದೆ ಮನೆಯ ಮೇಲೆಯೇ ತಕರಾರು ಬರುತ್ತದೆ. ಪಾಲು ಕಾಗದದ ಮೇಲೆ ಆಗಲಿ, ಆಮೇಲೆ ಕಟ್ಟಿ.

ನಿವೃತ್ತಿಗೆ ಹತ್ತಿರ ಇರುವವರು ಪಿಎಫ್ ಪೂರ್ತಿ ತೆಗೆದು ಸಾಲ ತೀರಿಸಲು ಹೋಗಬೇಡಿ. ಪಿಎಫ್ ಬಡ್ಡಿಗೂ ಸಾಲದ ಬಡ್ಡಿಗೂ ಅಂತರ ಚಿಕ್ಕದು, ಆ ಹಣವನ್ನು ಮತ್ತೆ ಕೂಡಿಸಲು ವರ್ಷಗಳು ಉಳಿದಿರುವುದಿಲ್ಲ.

## ಹಂತ 7: ಕಟ್ಟುವ ದಿನ

ತಿಂಗಳ ಕಂತು ಖಾತೆಗೆ ಜಮಾ ಆದ ಎರಡು-ಮೂರು ದಿನದ ನಂತರ ಕಟ್ಟುವುದು ಒಳ್ಳೆಯದು, ಲೆಕ್ಕ ಗೊಂದಲವಾಗುವುದಿಲ್ಲ. ನಗದು ಬೇಡ, ಚೆಕ್, ನೆಫ್ಟ್ ಅಥವಾ ಬ್ಯಾಂಕಿನ ಆ್ಯಪ್‌ನಲ್ಲಿ ಕಟ್ಟಿ.

ಕೌಂಟರಿನಲ್ಲಿ ‘ಸಾಹೇಬ್ರ, ಇದನ್ನ ಲೋನಿಗೆ ಹಾಕ್ರಿ’ ಎಂದಷ್ಟೇ ಹೇಳಿ ಬಂದರೆ ಆ ಹಣ ಮುಂದಿನ ಕಂತುಗಳ ಮುಂಗಡವಾಗಿ ಕೂತುಬಿಡಬಹುದು. ಆಗ ಅಸಲು ಇಳಿಯುವುದಿಲ್ಲ, ಬಡ್ಡಿಯೂ ಇಳಿಯುವುದಿಲ್ಲ. ಹೀಗೆ ಬರೆದುಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು-ಸಹಿ ಪಡೆಯಿರಿ:

‘ನನ್ನ ಗೃಹಸಾಲ ಖಾತೆಗೆ ಇಂದು ಕಟ್ಟಿರುವ ಈ ಮೊತ್ತವನ್ನು ಭಾಗಶಃ ಮುಂಚಿತ ಪಾವತಿಯಾಗಿ ಅಸಲಿಗೆ ಜಮಾ ಮಾಡಬೇಕು. ಮುಂದಿನ ಕಂತುಗಳಿಗೆ ಮುಂಗಡವಾಗಿ ಹಿಡಿಯಬಾರದು. ಮಾಸಿಕ ಕಂತು ಈಗಿನಷ್ಟೇ ಇರಲಿ, ಅವಧಿ ಕಡಿಮೆ ಮಾಡಿ ಹೊಸ ಮರುಪಾವತಿ ಪಟ್ಟಿ ಕೊಡಬೇಕು.’

ಮೂರನೆಯ ದಾರಿ ಹಿಡಿದವರು ಕೊನೆಯ ವಾಕ್ಯವನ್ನು ‘ಅವಧಿ ಈಗಿನಷ್ಟೇ ಇರಲಿ, ಕಂತು ಕಡಿಮೆ ಮಾಡಿ’ ಎಂದು ಬದಲಿಸಿ.

ಮುಂದಿನ ತಿಂಗಳ ಸ್ಟೇಟ್‌ಮೆಂಟ್ ಬಂದಾಗ ಪರೀಕ್ಷೆ ಸುಲಭ. ಬಾಕಿಯನ್ನು ದರದಿಂದ ಗುಣಿಸಿ 1200ರಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ ಕಟ್ಟುವ ಮೊದಲು ತಿಂಗಳ ಬಡ್ಡಿ ₹19,866. ಕಟ್ಟಿದ ಮೇಲೆ ಸುಮಾರು ₹17,740 ಬರಬೇಕು. ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಬ್ಯಾಂಕಿನಲ್ಲಿ ಕೆಲವು ನೂರು ರೂಪಾಯಿ ಆಚೀಚೆ ಆಗಬಹುದು, ಫೆಬ್ರವರಿಯಲ್ಲಿ ಇನ್ನೂ ಹೆಚ್ಚು. ಬಡ್ಡಿ ಇನ್ನೂ ₹19,800ರ ಹತ್ತಿರವೇ ಇದ್ದರೆ ನಿಮ್ಮ ಹಣ ಅಸಲಿಗೆ ಸೇರಿಲ್ಲ. ಅಂದೇ ಶಾಖೆಗೆ ಹೋಗಿ, ಸೀಲು ಹಾಕಿದ ಪ್ರತಿ ತೋರಿಸಿ, ಕಟ್ಟಿದ ದಿನಾಂಕದಿಂದಲೇ ಸರಿಪಡಿಸಲು ಕೇಳಿ. ಬಡ್ಡಿ ಇಳಿದಿದ್ದರೂ ಉಳಿದ ಕಂತುಗಳ ಸಂಖ್ಯೆ ಹಾಗೇ ಇದ್ದರೆ, ಅವಧಿ ಇಳಿಸುವ ಬದಲು ಕಂತು ಇಳಿಸಿದ್ದಾರೆ.

ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448. ಹೌಸಿಂಗ್ ಫೈನಾನ್ಸ್ ಕಂಪನಿಯಾದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ.

## ಹಂತ 8: ನಡುವೆ ಬದುಕು ಬದಲಾದರೆ

ಕೆಲಸ ಹೋದರೆ. ಹೆಚ್ಚುವರಿ ಪಾವತಿ ಅಂದೇ ನಿಲ್ಲಿಸಿ, ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ರದ್ದು ಮಾಡಿ. ಬೇರೆ ಇಟ್ಟ ಹಣದಿಂದ ಕಂತು ನಡೆಯಲಿ. ಆ ಹಣದಲ್ಲಿ ಮೂರು ತಿಂಗಳಿನಷ್ಟು ಉಳಿದಿರುವಾಗಲೇ ಶಾಖೆಗೆ ಹೋಗಿ ಅವಧಿ ವಿಸ್ತರಿಸಿ ಕಂತು ಇಳಿಸಲು ಕೇಳಿ. ಒಂದೂ ಕಂತು ತಪ್ಪದ ಗ್ರಾಹಕರ ಮಾತನ್ನು ಬ್ಯಾಂಕ್ ಕೇಳುತ್ತದೆ. ಎರಡು ತಪ್ಪಿದ ಮೇಲೆ ಹೋದರೆ ಅದೇ ಮಾತಿಗೆ ತೂಕ ಇರುವುದಿಲ್ಲ. ಸಂಕೋಚದಿಂದ ತಡ ಮಾಡುವುದೇ ಇಲ್ಲಿನ ದೊಡ್ಡ ತಪ್ಪು.

ಪುಣೆಗೋ ಬೆಂಗಳೂರಿಗೋ ಹೋದರೆ. ಊರಿನ ಮನೆ ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಲ್ಲಿ ತೆರಿಗೆ ಮತ್ತು ದುರಸ್ತಿ ಖರ್ಚು ಕಳೆದು ಉಳಿದದ್ದನ್ನು ನೇರವಾಗಿ ಅಸಲಿಗೆ ಹಾಕಿ. ಸಂಬಳದ ಖಾತೆ ಬದಲಾದರೆ ಕಂತಿನ ಮ್ಯಾಂಡೇಟ್ (ಖಾತೆಯಿಂದ ತಾನಾಗಿ ಕಡಿತ ಮಾಡಲು ಕೊಟ್ಟ ಅನುಮತಿ) ಹೊಸ ಖಾತೆಗೆ ಬಂದು ಒಂದು ಕಂತು ಯಶಸ್ವಿಯಾಗಿ ಕಡಿತವಾಗುವವರೆಗೆ ಹಳೆಯ ಖಾತೆಯಲ್ಲಿ ಎರಡು ಕಂತಿನ ಹಣ ಬಿಡಿ. ವಿಳಾಸ ಮತ್ತು ಮೊಬೈಲ್ ನಂಬರ್ ಬದಲಾವಣೆ ಲಿಖಿತವಾಗಿ ಕೊಡಿ. ಹಳೆ ವಿಳಾಸಕ್ಕೆ ಹೋದ ನೋಟಿಸ್ ನಿಮಗೆ ತಲುಪಿದ್ದಾಗಿಯೇ ಲೆಕ್ಕ.

ಇಬ್ಬರಲ್ಲಿ ಒಬ್ಬರ ಸಂಬಳ ನಿಂತರೆ. ಮಗು, ಹಿರಿಯರ ಆರೈಕೆ ಮುಂತಾದ್ದು ಮೊದಲೇ ಗೊತ್ತಿರುತ್ತದೆ. ಆರು ತಿಂಗಳು ಮುಂಚಿನಿಂದ ಒಬ್ಬರ ಸಂಬಳದಲ್ಲೇ ಸಂಸಾರ ನಡೆಸಿ ನೋಡಿ, ಇನ್ನೊಂದನ್ನು ತುರ್ತು ಹಣಕ್ಕೆ ಸೇರಿಸಿ. ಆ ಆರು ತಿಂಗಳು ಸಾಲಕ್ಕೆ ಹೆಚ್ಚಿಗೆ ಕಟ್ಟಬೇಡಿ.

ಪತಿ-ಪತ್ನಿ ಬೇರೆಯಾದರೆ, ಅಣ್ಣತಮ್ಮಂದಿರ ವಾಟ್ನಿಯಾದರೆ. ಮನೆಯವರ ನಡುವೆ ಆದ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಸಾಲದ ಕಾಗದದಲ್ಲಿ ಹೆಸರಿರುವವರೆಲ್ಲರೂ ಪೂರ್ತಿ ಸಾಲಕ್ಕೆ ಹೊಣೆ. ಹೆಸರು ತೆಗೆಸಬೇಕಾದರೆ ಉಳಿಯುವವರ ಆದಾಯವನ್ನು ಬ್ಯಾಂಕ್ ಮತ್ತೆ ಅಳೆಯುತ್ತದೆ. ಅದು ಮುಗಿಯುವ ಮೊದಲು ದೊಡ್ಡ ಮೊತ್ತ ಕಟ್ಟಿದರೆ, ಯಾರ ಹಣದಿಂದ ಸಾಲ ಇಳಿಯಿತು ಎಂಬುದಕ್ಕೆ ಬ್ಯಾಂಕ್ ದಾಖಲೆ ಇಟ್ಟುಕೊಳ್ಳಿ.

ಸಾಲಗಾರರು ತೀರಿಹೋದರೆ. ಮೊದಲು ಸಾಲದ ಜೊತೆ ವಿಮೆ ಇದೆಯೇ ನೋಡಿ. ಮಂಜೂರಾತಿಯ ಸಮಯದಲ್ಲಿ ಒಂದೇ ಕಂತಿನ ವಿಮೆ ಸೇರಿಸಿರುತ್ತಾರೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಸ್ಟೇಟ್‌ಮೆಂಟಿನ ಮೊದಲ ಪುಟದಲ್ಲಿ ವಿಮಾ ಕಂಪನಿಗೆ ಹೋದ ಹಣ ಕಾಣಿಸಿದರೆ ಪಾಲಿಸಿ ಇದೆ. ಕ್ಲೇಮ್ ಇತ್ಯರ್ಥವಾಗುವವರೆಗೆ ಎಲ್‌ಐಸಿ ಹಣ ತಂದು ಸಾಲ ತೀರಿಸಬೇಡಿ. ಕಂತು ಮಾತ್ರ ನಡೆಸಿ.

## ಹಂತ 9: ಪೂರ್ತಿ ತೀರಿಸುವುದು, ಕಾಗದ ಬಿಡಿಸುವುದು

ಸಾಲ ಮುಚ್ಚುವ ಮೊತ್ತದ ಪತ್ರ ಕೇಳಿ. ಅದರಲ್ಲಿ ಯಾವ ದಿನಾಂಕದವರೆಗೆ ಎಷ್ಟು, ಆಮೇಲೆ ದಿನಕ್ಕೆ ಎಷ್ಟು ಬಡ್ಡಿ ಎಂದು ಇರಬೇಕು. ಪತ್ರದ ದಿನಾಂಕದೊಳಗೆ ಆ ಮೊತ್ತವನ್ನೇ ಕಟ್ಟಿ. ಎರಡು ದಿನ ತಡವಾಗಿ ₹900 ಬಾಕಿ ಉಳಿದರೂ ಖಾತೆ ತೆರೆದೇ ಇರುತ್ತದೆ. ಮ್ಯಾಂಡೇಟ್ ಅನ್ನು ಬಾಕಿ ಇಲ್ಲದ ಪತ್ರ ಕೈಗೆ ಬಂದ ಮೇಲೆ ರದ್ದು ಮಾಡಿ, ಮೊದಲೇ ಮಾಡಿದರೆ ಬೌನ್ಸ್ ಶುಲ್ಕ ಬೀಳುತ್ತದೆ. ಸಾಲದ ಜೊತೆ ತೆಗೆದ ಒಂದೇ ಕಂತಿನ ವಿಮೆ ಇನ್ನೂ ವರ್ಷ ಉಳಿದಿದ್ದರೆ ಸರೆಂಡರ್ ಮೌಲ್ಯ ಕೇಳಿ. ತಾನಾಗಿ ಯಾರೂ ಕೊಡುವುದಿಲ್ಲ.

ಪೂರ್ತಿ ಪಾವತಿಯಾದ 30 ದಿನದೊಳಗೆ ಮೂಲ ದಾಖಲೆಗಳನ್ನು ಮರಳಿಸಿ, ನೋಂದಾಯಿತ ಋಣಭಾರವನ್ನು ತೆಗೆಸಬೇಕು ಎಂಬುದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮ. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ. ಕಾಗದ ಕಳೆದಿದ್ದರೆ ನಕಲು ಪಡೆಯಲು ನೆರವಾಗಿ ಅದರ ಖರ್ಚನ್ನು ಬ್ಯಾಂಕೇ ಭರಿಸಬೇಕು, ಅದಕ್ಕೆ ಇನ್ನೂ 30 ದಿನ ಹೆಚ್ಚುವರಿ ಇದೆ. ಹಂತ 1ರಲ್ಲಿ ಪಡೆದ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಖರೀದಿ ಪತ್ರ, ಹಿಂದಿನ ಮಾಲೀಕರ ಪತ್ರಗಳು, ಖಾತಾ, ನಕ್ಷೆ, ಬಾಗಲಕೋಟೆ ನವನಗರದವರಾದರೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಹಂಚಿಕೆ ಕಾಗದ, ಒಂದೊಂದನ್ನೂ ಪುಟ ಎಣಿಸಿ ತೆಗೆದುಕೊಳ್ಳಿ. ಎಣಿಸುವ ಮೊದಲು ಸ್ವೀಕೃತಿಗೆ ಸಹಿ ಹಾಕಬೇಡಿ.

ಬ್ಯಾಂಕ್ ವಿಲೀನವಾಗಿದ್ದರೆ ಒಂದು ತೊಡಕು. ಸಿಂಡಿಕೇಟ್ 2020ರ ಏಪ್ರಿಲ್‌ನಲ್ಲಿ ಕೆನರಾಕ್ಕೆ ಸೇರಿತು, ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಋಣಭಾರ ಹಳೆಯ ಬ್ಯಾಂಕಿನ ಹೆಸರಿನಲ್ಲಿದ್ದರೆ, ಬಿಡುಗಡೆ ಪತ್ರದಲ್ಲಿ ವಿಲೀನದ ಉಲ್ಲೇಖ ಇರಬೇಕು. ಇಲ್ಲವಾದರೆ ಮುಂದೆ ಮನೆ ಕೊಳ್ಳುವವರ ವಕೀಲರು ತಕರಾರು ತೆಗೆಯುತ್ತಾರೆ.

ಈಗ ಸರ್ಕಾರಿ ದಾಖಲೆ. ಹಕ್ಕುಪತ್ರ ಠೇವಣಿ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ಅಲ್ಲೇ ನೋಂದಣಿಯಾಗಬೇಕು. ಬ್ಯಾಂಕಿನ ಅಧಿಕಾರಿಯ ದಿನ ಮೊದಲೇ ಗೊತ್ತು ಮಾಡಿಕೊಳ್ಳಿ. ಆಮೇಲೆ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಯಿರಿ. ಹಳೆಯ ಸಾಲದ ನಮೂದು ಅದರಲ್ಲಿ ಅಳಿದುಹೋಗುವುದಿಲ್ಲ, ಬಿಡುಗಡೆಯ ಹೊಸ ನಮೂದು ಅದರ ಜೊತೆ ಕಾಣಬೇಕು. ಇದು ಗೊತ್ತಿಲ್ಲದೆ ‘ಇನ್ನೂ ಸಾಲ ತೋರಿಸ್ತದ’ ಎಂದು ಕಚೇರಿ ಅಲೆಯುವವರಿದ್ದಾರೆ.

ನಮ್ಮ ಕಡೆ ಇದರ ಜೊತೆ ಸಿಟಿಎಸ್ ಉತಾರವನ್ನೂ (ಸಿಟಿ ಸರ್ವೆ ಕಚೇರಿಯ ಆಸ್ತಿ ದಾಖಲೆ) ನೋಡಲೇಬೇಕು. ಸಿಟಿ ಸರ್ವೆ ವ್ಯಾಪ್ತಿಯ ಮನೆಯಾದರೆ ಉತಾರದಲ್ಲಿ ಬ್ಯಾಂಕಿನ ಬೋಜಾ (ಸಾಲದ ಭಾರ) ಏರಿರಬಹುದು. ಉಪನೋಂದಣಿ ಕಚೇರಿಯಲ್ಲಿ ಬಿಡುಗಡೆಯಾಯಿತೆಂದು ಸಿಟಿ ಸರ್ವೆ ಉತಾರದ ಬೋಜಾ ಇಳಿದಿದೆ ಎಂದು ನಂಬಿಕೊಳ್ಳಬೇಡಿ. ಬಾಕಿ ಇಲ್ಲದ ಪತ್ರ ಮತ್ತು ಬಿಡುಗಡೆ ಪತ್ರದ ಪ್ರತಿ ಹಚ್ಚಿ ಸಿಟಿ ಸರ್ವೆ ಕಚೇರಿಗೆ ಬೋಜಾ ಕಮ್ಮಿ ಮಾಡುವ ಅರ್ಜಿ ಕೊಟ್ಟು, ಹೊಸ ಉತಾರ ಕೈಗೆ ತೆಗೆದುಕೊಳ್ಳಿ. ಹೊಲ ಅಡವಿಟ್ಟಿದ್ದರೆ ಪಹಣಿಯ 11ನೇ ಕಾಲಂ ನೋಡಿ.

ಬ್ಯಾಂಕ್ ಸೆರ್ಸಾಯ್ (ಅಡವಿಟ್ಟ ಆಸ್ತಿಗಳ ಕೇಂದ್ರ ನೋಂದಣಿ) ದಾಖಲೆಯಲ್ಲೂ ಸಾಲ ತೀರಿದ್ದನ್ನು ನಮೂದಿಸಬೇಕು. ಮಾಡಿದ್ದಕ್ಕೆ ಪ್ರತಿ ಕೇಳಿ. ಒಂದೂವರೆ ತಿಂಗಳ ನಂತರ ಸಿಬಿಲ್ ವರದಿ ತೆಗೆದು ಖಾತೆ ‘ಕ್ಲೋಸ್ಡ್’ ಎಂದಿದೆಯೇ, ಬಾಕಿ ಸೊನ್ನೆ ಇದೆಯೇ ನೋಡಿ. ತಪ್ಪಿದ್ದರೆ ದೂರು ದಾಖಲಿಸಿ. 30 ದಿನದಲ್ಲಿ ಸರಿಯಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ₹100 ಪರಿಹಾರ ಕೇಳುವ ಹಕ್ಕು ನಿಮ್ಮದು. ಬಾಕಿ ಇಲ್ಲದ ಪತ್ರ, ಬಿಡುಗಡೆ ಪತ್ರ, ಹೊಸ ಋಣಭಾರ ಪ್ರಮಾಣಪತ್ರ, ಹೊಸ ಉತಾರ ಮತ್ತು ಆ ವರ್ಷದ ಬಡ್ಡಿ ಪ್ರಮಾಣಪತ್ರ ಐದನ್ನೂ ಖರೀದಿ ಪತ್ರದ ಜೊತೆ ಒಂದೇ ಫೈಲಿನಲ್ಲಿ ಇಟ್ಟು, ಅದು ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೆ ತಿಳಿಸಿ.